ಅಕ್ಕಯ್ಯಮ್ಮನ ಎದುರು ಸುತ್ತು

ಅಕ್ಕಯ್ಯಮ್ಮ ಸುತ್ತಿದ ಮೋಟಾರು ವಾಪಸ್ ಬರುವುದಿಲ್ಲ. ಈ ಮಾತನ್ನು ಚಿಂತಾಮಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಯಾರೂ ಹೇಳದಿದ್ದರೆ ಅಕ್ಕಯ್ಯಮ್ಮನೇ ಹೇಳುತ್ತಾಳೆ. ಕೈವಾರದ ಬಸ್ಸುಗಳು ತಿರುಗಿಕೊಳ್ಳುವ ಮೂಲೆಯಲ್ಲಿ ಅವಳ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಯ ಮೋಟಾರು, ರೇಷ್ಮೆ ತೆಗೆಯುವ ಶೆಡ್ಡುಗಳ ಮೋಟಾರು, ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ಗಂಡ ವೆಂಕಟರಾಮಪ್ಪ ಅವನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು ಗುಡ್ಡೆ ಹಾಕುತ್ತಾನೆ. ಅಕ್ಕಯ್ಯಮ್ಮ ಹೊಸ ತಾಮ್ರದ ತಂತಿ ಸುತ್ತುತ್ತಾಳೆ. ಸುತ್ತುವುದನ್ನು ಕಲಿಸಿದವನು ಗಂಡನೇ. ಆದರೆ ಕಲಿಸಿದ ಬೇಸಿಗೆ ಮುಗಿಯುವುದರೊಳಗೆ ಹೆಂಡತಿಯ ಕೈ ತನ್ನದಕ್ಕಿಂತ ನಯ ಎಂದು ಅರ್ಥವಾಗಿ, ಅವನು ಮರ್ಯಾದೆಯಾಗಿ ತಂತಿ ಬಿಟ್ಟು ಸ್ಪ್ಯಾನರ್ ಹಿಡಿದುಕೊಂಡ.

ಅವಳ ಬಾಯಿಯೂ ಕೈಯಷ್ಟೇ ಚುರುಕು. ನನ್ನ ಮೋಟಾರು ಯಾವಾಗ ಆಗುತ್ತದೆ ಎಂದು ಎರಡನೇ ಸಲ ಕೇಳಿದವರಿಗೆ, ಅಷ್ಟು ಅವಸರ ಇದ್ದರೆ ನೀವೇ ಕೂತು ಸುತ್ತಿಕೊಳ್ಳಿ ಎಂದು ತಂತಿಯ ಉಂಡೆಯನ್ನೇ ಮುಂದಕ್ಕೆ ತಳ್ಳಿಬಿಡುತ್ತಾಳೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಂದವರು ಬೈಸಿಕೊಂಡು, ಟೀ ಕುಡಿದು, ಕಾದು, ತೆಗೆದುಕೊಂಡು ಹೋಗುತ್ತಾರೆ. ಬೇರೆ ಅಂಗಡಿ ಇಲ್ಲವೆಂದಲ್ಲ. ಆ ಅಂಗಡಿಗಳಿಂದ ಮೋಟಾರು ವಾಪಸ್ ಬರುತ್ತವೆ.

ಅಂಥ ಅಂಗಡಿಗೆ ಒಂದು ಬೇಸಿಗೆಯ ಮಧ್ಯಾಹ್ನ, ಕರೆಂಟು ಹೋಗಿ ಎಲ್ಲರೂ ಟವೆಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಯಶೋಧರಾ ಬಂದಳು. ಊರಾಚೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ, ಜಂಗಮಕೋಟೆಯ ಹುಡುಗಿ. ಸ್ಕೂಟರಿನಿಂದ ಎರಡು ಅಲ್ಯೂಮಿನಿಯಂ ಉರುಳೆಗಳನ್ನು ಇಳಿಸಿದಳು, ಜೊತೆಗೆ ಬಿಳಿ ಪ್ಲಾಸ್ಟಿಕ್ ಕೊಳವೆಯ ಒಂದು ದೊಡ್ಡ ಸಿಂಬಿ. ಕೊಳವೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಪೈಪಿನಷ್ಟೇ ಸಣ್ಣದು. ಇದನ್ನು ಈ ಉರುಳೆಗಳ ಮೇಲೆ ಪದರ ಪದರವಾಗಿ ಸುತ್ತಿಕೊಡಬೇಕು, ಎಲ್ಲೂ ಚಪ್ಪಟೆಯಾಗಬಾರದು, ಎಲ್ಲೂ ಸಡಿಲ ಇರಬಾರದು ಎಂದಳು.

ಹುಡುಗಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅಕ್ಕಯ್ಯಮ್ಮ ಕನ್ನಡಕದ ಮೇಲಿನಿಂದ ನೋಡಿದಳು. ತಂತಿ ಸುತ್ತಿದರೆ ಕರೆಂಟು ಹರಿಯುತ್ತದೆ, ಇದನ್ನು ಸುತ್ತಿದರೆ ಏನು ಹರಿಯುತ್ತದೆ ಎಂದು ಕೇಳಿದಳು. ಕೇಳಿದ್ದು ಬೈಯುವ ದನಿಯಲ್ಲೇ. ಆದರೆ ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಕಾದಿದ್ದವಳಂತೆ ಯಶೋಧರಾ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು.

ಹಿಪ್ಪುನೇರಳೆ ಸೊಪ್ಪಿನಲ್ಲಿ ಹತ್ತಾರು ವಸ್ತುಗಳು ಬೆರೆತಿವೆಯಂತೆ. ಯಾವುದಕ್ಕೆ ಯಾವ ಗುಣ ಎಂದು ತಿಳಿಯಬೇಕಾದರೆ ಮೊದಲು ಒಂದರಿಂದ ಒಂದನ್ನು ಬಿಡಿಸಬೇಕು. ಬಿಡಿಸುವುದಕ್ಕೆ ಸಾಮಾನ್ಯವಾಗಿ ಗಾಜಿನ ಕೊಳವೆಗೆ ಬಿಳಿ ಪುಡಿ ತುಂಬಿ, ಮೇಲಿನಿಂದ ರಸ ಇಳಿಸುತ್ತಾರೆ. ಪುಡಿ ಒಂದನ್ನು ಬೇಗ ಬಿಡುತ್ತದೆ, ಇನ್ನೊಂದನ್ನು ತಡವಾಗಿ ಬಿಡುತ್ತದೆ. ತೊಂದರೆ ಏನೆಂದರೆ ಒಂದಷ್ಟನ್ನು ಬಿಡುವುದೇ ಇಲ್ಲ, ತಾನೇ ನುಂಗಿ ಕೂರುತ್ತದೆ. ಯಶೋಧರಾಳ ಉಪಾಯದಲ್ಲಿ ಪುಡಿಯೇ ಇಲ್ಲ. ಒಂದಕ್ಕೊಂದು ಬೆರೆಯದ ಎರಡು ದ್ರವ, ಅಷ್ಟೆ. ಒಂದು ಕೊಳವೆಯೊಳಗೆ ನಿಂತಿರಬೇಕು, ಇನ್ನೊಂದು ಅದರ ನಡುವೆಯೇ ನುಸುಳಿ ಹೋಗಬೇಕು. ಅವಳು ಚೀಲದಿಂದ ಆ ಎರಡೂ ದ್ರವ ತುಂಬಿದ ಒಂದು ಪುಟ್ಟ ಸೀಸೆ ತೆಗೆದು, ಹಲವು ಬಣ್ಣ ಬೆರೆತು ಕೆಸರು ಬಣ್ಣವಾದ ನಾಲ್ಕು ಹನಿ ಹಾಕಿ, ಕುಲುಕಿ ಕೌಂಟರಿನ ಮೇಲಿಟ್ಟಳು. ನೋಡುತ್ತ ನೋಡುತ್ತ ಮೇಲಿನ ದ್ರವ ಕೆಂಪಾಯಿತು, ಕೆಳಗಿನದು ನೀಲಿಯಾಯಿತು. ನುಂಗುವುದಕ್ಕೆ ನಡುವೆ ಯಾರೂ ಇರಲಿಲ್ಲ.

ವೆಂಕಟರಾಮಪ್ಪನೂ ಸ್ಪ್ಯಾನರ್ ಕೆಳಗಿಟ್ಟು ಬಂದ. ಅಕ್ಕಯ್ಯಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

“ಪುಡಿ ಆದ್ರೆ ಅದರ ಪಾಡಿಗೆ ಕೂತಿರ್ತದೆ ಕಣಮ್ಮ. ನೀರು ಹೆಂಗೆ ನಿಲ್ತದೆ? ಹಿಂದಿಂದ ನೂಕಿದ್ರೆ ಅದೂ ಓಡೋಗಲ್ವ?”

“ಅದೇ ಅಮ್ಮ,” ಎಂದಳು ಯಶೋಧರಾ. “ಇಷ್ಟು ವರ್ಷ ನಾನು ತಲೆ ಕೆಡಿಸ್ಕೊಂಡಿರೋದು ಅದೊಂದಕ್ಕೇ.”

ನಿಲ್ಲಿಸುವುದು ಸುತ್ತು. ಸುರುಳಿ ಸುತ್ತಿದ ಉರುಳೆ ತನ್ನಲ್ಲೇ ಗಿರಗಿರ ತಿರುಗುತ್ತ ಮೆಷೀನಿನ ನಡುವಿನ ಕಂಬವನ್ನೂ ಸುತ್ತುವಾಗ ಹಗುರವಾದ ದ್ರವ ಕೊಳವೆಯ ಒಂದು ತುದಿಯ ಕಡೆಗೇ ಓಡುತ್ತದೆ. ಆ ತುದಿಗೆ ತಲೆ ಎಂದು ಹೆಸರು, ಇನ್ನೊಂದು ತುದಿ ಬಾಲ. ಭಾರದ ದ್ರವವನ್ನು ಪಂಪಿನಿಂದ ತಲೆಯ ಕಡೆಯಿಂದ ಬಾಲಕ್ಕೆ ನೂಕಿದರೆ, ಹಗುರದ್ದು ಎದುರಾಗಿ ಬಂದುಬಂದು ಅಲ್ಲೇ ಉಳಿಯುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬಾಗಿಲಲ್ಲಿ ಇಳಿಯುವವರೂ ಹತ್ತುವವರೂ ಮೈಗೆ ಮೈ ಉಜ್ಜಿಕೊಂಡು ದಾಟುವ ಹಾಗೆ ಎರಡೂ ದ್ರವ ಪ್ರತಿ ಸುತ್ತಿನಲ್ಲೂ ಕಲಸಿಕೊಂಡು ಬೇರೆಯಾಗುತ್ತವೆ. ಸೀಸೆಯಲ್ಲಿ ಒಂದು ಸಲ ಕುಲುಕಿದ್ದು ಕೊಳವೆಯಲ್ಲಿ ಸಾವಿರಾರು ಸಲ ಆಗುತ್ತದೆ. ಬೆರೆತದ್ದೆಲ್ಲ ಬಿಡಿಸಿಕೊಂಡು ಒಂದರ ಹಿಂದೆ ಒಂದು ಹೊರಗೆ ಬರುತ್ತದೆ.

ಕೇಳುತ್ತ ಕೇಳುತ್ತ ಅಕ್ಕಯ್ಯಮ್ಮನಿಗೆ ಈ ಹುಡುಗಿಯ ತಲೆಯ ಮೇಲೆ ಗೌರವ ಬಂತು. ಕೊಳವೆ ಸಣ್ಣದಾದರೆ ಬಿಡಿಸುವುದು ಚೆನ್ನ, ಆದರೆ ದ್ರವ ನಿಲ್ಲುವುದಿಲ್ಲ. ದಪ್ಪವಾದರೆ ನಿಲ್ಲುತ್ತದೆ, ಬಿಡಿಸುವುದು ಒರಟು. ಉರುಳೆ ನಡುವಿನ ಕಂಬದಿಂದ ಎಷ್ಟು ದೂರ ಇರಬೇಕು, ಆ ದೂರಕ್ಕೆ ಉರುಳೆಯ ಗಾತ್ರ ಎಷ್ಟಿರಬೇಕು, ಎಲ್ಲಕ್ಕೂ ಲೆಕ್ಕ. ಯಶೋಧರಾ ಮೊದಲು ಮಾಡಿಸಿದ ಉರುಳೆ ಚಿಕ್ಕದಾಗಿ, ಒಳಗಿದ್ದದ್ದನ್ನೆಲ್ಲ ಉಗಿದುಬಿಟ್ಟಿತಂತೆ. ಆಮೇಲಿನದ್ದು ಅಗಲ ಸಾಲದೆ ಕೆಟ್ಟಿತು. ಮತ್ತೊಂದಕ್ಕೆ ಯಾವುದೋ ವರ್ಕ್‌ಶಾಪಿನಲ್ಲಿ ಕೊಳವೆ ಸುತ್ತಿಸಿದ್ದಳು, ಎಳೆದ ಬಿಗಿಗೆ ಕೊಳವೆ ಚಪ್ಪಟೆಯಾಗಿತ್ತು. ಇದೆಲ್ಲವನ್ನೂ ಅವಳು ಯಾರ ಮೇಲೂ ದೂರು ಹೇಳದೆ ಹೇಳಿದಳು. ಕೆಟ್ಟ ಉರುಳೆಗಳನ್ನು ಕಪಾಟಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಾಳಂತೆ, ದಿನಾ ಕಣ್ಣಿಗೆ ಬೀಳಲಿ ಎಂದು.

ಅಷ್ಟರಲ್ಲಿ ವೆಂಕಟರಾಮಪ್ಪ ಬಾಯಿ ಹಾಕಿದ. ಉರುಳೆ ತನ್ನ ಸುತ್ತಲೂ ತಿರುಗಬೇಕು, ಕಂಬದ ಸುತ್ತಲೂ ತಿರುಗಬೇಕು, ಅದಕ್ಕೆ ಹೊರಗಿನಿಂದ ಪೈಪೂ ಬರಬೇಕು. ಒಂದು ನಿಮಿಷಕ್ಕೆ ಪೈಪು ಹುರಿಯಾಗಿ ತುಂಡಾಗುವುದಿಲ್ಲವೆ ಎಂದ. ಗಂಡ ಜೀವಮಾನದಲ್ಲಿ ಕೇಳಿದ ಒಂದೇ ಒಳ್ಳೆಯ ಪ್ರಶ್ನೆ ಇದು ಎಂದು ಅಕ್ಕಯ್ಯಮ್ಮ ಚುಚ್ಚಿದಳು.

ಯಶೋಧರಾ ಕೌಂಟರಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ಅಂಗೈ ಮೇಲೆ ಇಟ್ಟುಕೊಂಡಳು. ತಟ್ಟೆಯ ಮೇಲೆ ಕಾಫಿ ತುಂಬಿದ ಲೋಟ. ಅಂಗೈಯನ್ನು ಒಳಕ್ಕೆ ತಿರುಗಿಸಿ ಕಂಕುಳ ಕೆಳಗಿಂದ ಹಿಂದಕ್ಕೆ ಒಯ್ದಳು, ತಟ್ಟೆ ಒಂದು ಸುತ್ತು ಸುತ್ತಿತು, ತೋಳು ಹುರಿಯಾಯಿತು. ಈಗ ಮುರಿಯುತ್ತದೆ ಎನ್ನುವಾಗ ಅದನ್ನೇ ತಲೆಯ ಮೇಲಿಂದ ಅದೇ ದಿಕ್ಕಿಗೆ ಇನ್ನೊಂದು ಸುತ್ತು ತಂದಳು. ತೋಳು ಮೊದಲಿದ್ದ ಹಾಗೆ ನೆಟ್ಟಗಾಯಿತು. ತಟ್ಟೆ ಎರಡು ಸುತ್ತು ಸುತ್ತಿದೆ, ತೋಳಿನಲ್ಲಿ ಒಂದು ತಿರುಚೂ ಇಲ್ಲ, ಕಾಫಿ ಒಂದು ಹನಿ ಚೆಲ್ಲಿಲ್ಲ. ಉರುಳೆಯೂ ಹೀಗೇ ತಿರುಗುತ್ತದೆ, ಪೈಪು ನನ್ನ ತೋಳು ಎಂದಳು.

ಅಕ್ಕಯ್ಯಮ್ಮ ತಾನೂ ನೋಡುತ್ತೇನೆಂದು ತಟ್ಟೆ ಕಸಿದುಕೊಂಡಳು. ಕಂಕುಳ ಕೆಳಗೇ ಲೋಟ ಮಗುಚಿ ವೆಂಕಟರಾಮಪ್ಪನ ಬಿಳಿ ಪಂಚೆಗೆ ಕಾಫಿ ಅಭಿಷೇಕವಾಯಿತು. ಅವತ್ತು ಅವನು ಬೈದದ್ದು ತೆಲುಗಿನಲ್ಲಿ. ಅವನಿಗೆ ನಿಜವಾದ ಕೋಪ ಬರುವುದು ತೆಲುಗಿನಲ್ಲೇ.

ಹೊರಡುವ ಮುಂಚೆ ಯಶೋಧರಾ ಇನ್ನೊಂದು ವಿಷಯ ಹೇಳಿದಳು. ಮೆಷೀನು ಇರುವುದು ಕಾಲೇಜಿನ ಹಳೇ ಜನರೇಟರ್ ಕೋಣೆಯಲ್ಲಿ. ಆ ಕೋಣೆ ಬೇರೆ ಕೆಲಸಕ್ಕೆ ಬೇಕೆಂದು ಎಲ್ಲರ ಕಣ್ಣೂ ಅದರ ಮೇಲಿದೆ. ತಿಂಗಳ ಕೊನೆಗೆ ಬೆಂಗಳೂರಿನಿಂದ ಒಬ್ಬರು ವಿಜ್ಞಾನಿ ಬಂದು ನೋಡುತ್ತಾರೆ, ಕೆಲಸ ಮುಂದುವರಿಯಬೇಕೋ ಬೇಡವೋ ಎಂದು ಅವರೇ ಹೇಳುವುದು.

“ಈ ಸಲ ದ್ರವ ನಿಲ್ಲಲಿಲ್ಲ ಅಂದ್ರೆ ಮೆಷೀನು ಗುಜರಿಗೆ ಹೋಗ್ತದೆ ಅಮ್ಮ.” ನಗುತ್ತಲೇ ಹೇಳಿದಳು, ಆದರೆ ಕೊಳವೆಯ ಸಿಂಬಿಯನ್ನು ಹಿಡಿದಿದ್ದ ಅವಳ ಕೈ ಅದನ್ನು ಬಿಡುತ್ತಿರಲಿಲ್ಲ.

“ಬಿಟ್ಟು ಹೋಗು,” ಎಂದಳು ಅಕ್ಕಯ್ಯಮ್ಮ. “ನಾನು ಸುತ್ತಿದ್ದು ವಾಪಸ್ ಬರಲ್ಲ.”

ಸುತ್ತುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ತಾಮ್ರ ಬಗ್ಗಿಸಿದರೆ ಬಗ್ಗಿದಲ್ಲೇ ಇರುತ್ತದೆ, ಈ ಬಿಳಿ ಕೊಳವೆ ಬಗ್ಗಿಸಿದಷ್ಟೂ ಪುಟಿದೇಳುತ್ತದೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡಳು. ಕೆಳಗಿನ ಪದರದ ಎರಡು ಸುತ್ತಿನ ನಡುವಿನ ಹಳ್ಳದಲ್ಲೇ ಮೇಲಿನ ಸುತ್ತು ಕೂರುವಂತೆ ಹೆಬ್ಬೆರಳಿನಲ್ಲಿ ಒತ್ತಿಕೊಂಡು ಹೋದಳು. ಪದರ ಹತ್ತುವ ಅಂಚಿನಲ್ಲಿ ಕೊಳವೆ ಮುರಿಯುತ್ತದೆಂದು ಅಲ್ಲಲ್ಲಿ ಬಟ್ಟೆಯ ಪಟ್ಟಿ ಮಡಿಚಿಟ್ಟಳು. ಎರಡು ಉರುಳೆ ಕಂಬದ ಆಚೆ ಒಂದು, ಈಚೆ ಒಂದು ತೂಗುವುದರಿಂದ ತೂಕ ಒಂದೇ ಇರಬೇಕಲ್ಲ, ಪಕ್ಕದ ತರಕಾರಿ ಅಂಗಡಿಯ ತಕ್ಕಡಿ ತರಿಸಿ ಎರಡನ್ನೂ ಎರಡು ತಟ್ಟೆಗೆ ಹಾಕಿದಳು. ಮುಳ್ಳು ನಡುವೆ ನಿಂತಿತು. ಹೊರಗೆ ಮೋಟಾರಿಗೆ ಕಾದಿದ್ದ ರೈತರು ಗೊಣಗಿದರು. ಎಷ್ಟು ಬೇಕಾದರೂ ಗೊಣಗಿಕೊಳ್ಳಿ, ಜಾಗ ಮಾತ್ರ ಬಿಟ್ಟು ಕೂತುಕೊಳ್ಳಿ ಎಂದಳು.

ನಡುವೆ ಬುದ್ಧ ಪೂರ್ಣಿಮೆ ಬಂತು. ಯಶೋಧರಾಳದು ಬೌದ್ಧರ ಮನೆ. ಮಾರನೆಯ ದಿನ ಅವಳು ಡಬ್ಬಿಯಲ್ಲಿ ಹೆಸರುಬೇಳೆ ಪಾಯಸ ತಂದಳು. ಅಕ್ಕಯ್ಯಮ್ಮನ ಅತ್ತೆಯ ಕಾಲದಲ್ಲಾಗಿದ್ದರೆ ಆ ಡಬ್ಬಿ ಹೊಸ್ತಿಲು ದಾಟುತ್ತಿರಲಿಲ್ಲ. ಅಕ್ಕಯ್ಯಮ್ಮ ಎರಡು ಲೋಟ ಕುಡಿದು, ಏಲಕ್ಕಿ ಕಮ್ಮಿಯಾಗಿದೆ, ನಿಮ್ಮಮ್ಮನಿಗೆ ಹೇಳು ಎಂದಳು. ಡಬ್ಬಿಯನ್ನು ಬರಿದಾಗಿ ಕಳಿಸದೆ ಮನೆಯ ಹಸುವಿನ ಗಟ್ಟಿ ಮೊಸರು ತುಂಬಿ ಕಳಿಸಿದಳು.

ಸುತ್ತಿದ ಉರುಳೆಗಳನ್ನು ತೆಗೆದುಕೊಂಡು ಹೋಗುವಾಗ ಯಶೋಧರಾ ಅವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಕೊಳವೆಯ ಮೇಲೆ ಬೆರಳು ಆಡಿಸಿ, ಇಷ್ಟು ಚಂದದ ಸುತ್ತನ್ನು ಪುಸ್ತಕದ ಫೋಟೋದಲ್ಲೂ ನೋಡಿಲ್ಲ ಎಂದಳು. ಮುಂದಿನ ವಾರವೇ ನಡೆಸಿ ನೋಡಿ ಸುದ್ದಿ ಹೇಳುವುದಾಗಿ ಹೇಳಿ ಹೋದಳು.

ಆ ವಾರ ಸುದ್ದಿ ಬರಲಿಲ್ಲ. ಆಮೇಲಿನ ವಾರವೂ ಇಲ್ಲ. ಬೆಂಗಳೂರಿನವರು ಬರುವುದು ಸೋಮವಾರ ಎಂದು ಅಕ್ಕಯ್ಯಮ್ಮನಿಗೆ ನೆನಪಿತ್ತು. ಶನಿವಾರದ ಹೊತ್ತಿಗೆ ಅವಳಿಗೆ ತಡೆಯಲಿಲ್ಲ. ಕೆಲಸ ಆದ ಮೇಲೆ ಮರೆತುಬಿಡುವ ಜಾತಿಯಲ್ಲ ಆ ಹುಡುಗಿ, ಏನೋ ಆಗಿದೆ, ಹೋಗಣ ನಡಿ ಎಂದು ಗಂಡನ ಸ್ಕೂಟರ್ ಹತ್ತಿದಳು.

ಜನರೇಟರ್ ಕೋಣೆಯಲ್ಲಿ ಯಶೋಧರಾ ಇದ್ದಳು, ಅವಳ ವಿಭಾಗದ ಮುಖ್ಯಸ್ಥ ಸುನೀಲ್‌ಕುಮಾರ್ ಇದ್ದರು. ಯಶೋಧರಾಳ ಕಣ್ಣು ನಿದ್ದೆಗೆಟ್ಟು ಗುಳಿಬಿದ್ದಿತ್ತು. ಅಕ್ಕಯ್ಯಮ್ಮನನ್ನು ನೋಡಿದ ಕೂಡಲೇ ಎದ್ದು ಕುರ್ಚಿ ಕೊಟ್ಟಳು, ಮುಖ ಮಾತ್ರ ಅಳುವ ಹಾಗಾಯಿತು. ದ್ರವ ನಿಲ್ಲುತ್ತಿಲ್ಲ ಎಂದಳು. ನಿಲ್ಲಬೇಕಾದ ದ್ರವವನ್ನು ಎರಡೂ ಉರುಳೆಗೆ ತುಂಬಿ ಮೆಷೀನು ತಿರುಗಿಸಿದರೆ, ಅರ್ಧಕ್ಕಿಂತ ಹೆಚ್ಚು ಅಳತೆಯ ಗಾಜಿಗೆ ಬಂದು ಬೀಳುತ್ತಿದೆ. ವೇಗ ಹೆಚ್ಚಿಸಿ ನೋಡಿದ್ದಳು, ಕಡಿಮೆ ಮಾಡಿ ನೋಡಿದ್ದಳು, ದ್ರವಗಳನ್ನೇ ಬದಲಾಯಿಸಿ ನೋಡಿದ್ದಳು. ಉರುಳೆಯ ಗಾತ್ರದ ಲೆಕ್ಕವನ್ನು ಮೊದಲಿನಿಂದ ಮತ್ತೆ ಹಾಕಿದ್ದಳು. ಲೆಕ್ಕ ಸರಿ ಇದೆ, ದ್ರವ ನಿಲ್ಲುವುದಿಲ್ಲ.

ಸುನೀಲ್‌ಕುಮಾರ್ ಕೆಟ್ಟವರಲ್ಲ. ವಿನ್ಯಾಸ ಎಲ್ಲೋ ತಪ್ಪಿದೆಯಮ್ಮ, ಸೋಮವಾರ ನಾವೇ ಒಪ್ಪಿಕೊಂಡುಬಿಟ್ಟರೆ ಗೌರವವಾದರೂ ಉಳಿಯುತ್ತದೆ ಎಂದು ಮೆಲ್ಲಗೆ ಹೇಳುತ್ತಿದ್ದರು. ಯಶೋಧರಾ ತಲೆ ತಗ್ಗಿಸಿ ಹೂಂ ಎಂದಳು.

ಅಕ್ಕಯ್ಯಮ್ಮನಿಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಎದ್ದು ಮೆಷೀನಿನ ಹತ್ತಿರ ಹೋದಳು. ಮುಚ್ಚಳ ತೆಗೆದಿತ್ತು. ನಡುವೆ ಕಂಬ, ಆಚೆ ಒಂದು ಉರುಳೆ, ಈಚೆ ಒಂದು. ತನ್ನ ಕೈ ಕೆಲಸವನ್ನು ಅವಳು ಎರಡೂ ಎದುರುಬದುರು ನಿಂತ ಹಾಗೆ ನೋಡಿದ್ದು ಇದೇ ಮೊದಲು. ಅಂಗಡಿಯಲ್ಲಿ ಒಂದನ್ನು ಮುಗಿಸಿ ಪಕ್ಕಕ್ಕಿಟ್ಟು ಇನ್ನೊಂದನ್ನು ಹಿಡಿದಿದ್ದಳು, ತಕ್ಕಡಿಗೆ ಹಾಕಿದಾಗ ಮುಳ್ಳನ್ನಷ್ಟೇ ನೋಡಿದ್ದಳು. ಆಚೆಯ ಉರುಳೆಯಲ್ಲಿ ಕೊಳವೆ ಒಳಗಿನಿಂದ ಹೊರಕ್ಕೆ ಬಲಕ್ಕೆ ಸುತ್ತಿಕೊಂಡು ಬಂದಿತ್ತು. ಈಚೆಯದರಲ್ಲಿ ಎಡಕ್ಕೆ.

ಮೋಟಾರಿನಲ್ಲಿ ಒಂದು ಸುರುಳಿ ಬಲಕ್ಕೆ ಸುತ್ತಿದರೆ ಪಕ್ಕದ್ದನ್ನು ಎಡಕ್ಕೆ ಸುತ್ತಬೇಕು, ಆಗಲೇ ಅದು ತಿರುಗುವುದು. ಮದುವೆಯಾಗಿ ಬಂದಾಗಿನಿಂದ ಅವಳ ಕೈ ಜೋಡಿ ಎಂದರೆ ಹಾಗೆಯೇ ಸುತ್ತುತ್ತ ಬಂದಿದೆ. ಈ ಉರುಳೆಗಳನ್ನೂ ಕೈ ತನ್ನ ಪಾಡಿಗೆ ತಾನು ಜೋಡಿ ಮಾಡಿಬಿಟ್ಟಿತ್ತು, ಅವಳನ್ನು ಒಂದು ಮಾತೂ ಕೇಳದೆ. ಯಶೋಧರಾ ಎಲ್ಲವನ್ನೂ ಸಂಶಯಪಟ್ಟಿದ್ದಳು, ತನ್ನ ಓದನ್ನು, ತನ್ನ ಲೆಕ್ಕವನ್ನು, ತನ್ನ ತಲೆಯನ್ನು. ಸುತ್ತನ್ನು ಮಾತ್ರ ಸಂಶಯಪಟ್ಟಿರಲಿಲ್ಲ. ಯಾಕೆಂದರೆ ಅಕ್ಕಯ್ಯಮ್ಮ ಸುತ್ತಿದ್ದು ವಾಪಸ್ ಬರುವುದಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ವಿನ್ಯಾಸ ತಪ್ಪು ಎಂದು ದೊಡ್ಡವರೇ ಹೇಳಿ ಆಗಿದೆ, ಹುಡುಗಿಯೂ ಒಪ್ಪಿಕೊಂಡಿದ್ದಾಳೆ. ಮೆಷೀನು ಗುಜರಿಗೆ ಹೋದರೆ ಉರುಳೆಯೂ ಹೋಗುತ್ತದೆ, ಬಲವೋ ಎಡವೋ ಕೇಳುವವರಿಲ್ಲ. ಅಂಗಡಿಯ ಹೆಸರು ಹಾಗೆಯೇ ಉಳಿಯುತ್ತದೆ. ಈ ಯೋಚನೆ ಬಂದದ್ದಕ್ಕೇ ಅಕ್ಕಯ್ಯಮ್ಮನಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ನಿನ್ನ ಲೆಕ್ಕ ಸರಿಯಾಗೈತೆ ಕಣಮ್ಮ,” ಎಂದಳು. “ತಪ್ಪು ನಂದು. ಒಂದು ಬಲಕ್ಕೆ ಸುತ್ತಿದೀನಿ, ಒಂದು ಎಡಕ್ಕೆ. ಮೋಟಾರು ಅಂದ್ಕೊಂಡುಬಿಡ್ತು ನನ್ನ ಕೈ.”

ಅಕ್ಕಯ್ಯಮ್ಮನೇ ಮುಂದುವರಿದು, ಈಗಲೇ ಬಿಚ್ಚಿ ಕೊಡು, ನಾಳೆ ಭಾನುವಾರ ಪೂರ್ತಿ ಕೂತು ಸುತ್ತುತ್ತೇನೆ ಎಂದಳು. ಯಶೋಧರಾ ಆಗುವುದಿಲ್ಲವೆಂದು ತಲೆಯಾಡಿಸಿದಳು. ಒಂದು ಸಲ ಸುತ್ತಿ ಕೂತ ಕೊಳವೆಯನ್ನು ಬಿಚ್ಚಿದರೆ ಅದು ಮತ್ತೆ ಹಾಗೆ ಕೂರುವುದಿಲ್ಲ. ಹೊಸ ಕೊಳವೆ ತರಿಸಲು ಸಮಯವಿಲ್ಲ. ಸುನೀಲ್‌ಕುಮಾರ್ ಕಿಟಕಿಯ ಕಡೆ ತಿರುಗಿಕೊಂಡರು. ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅತ್ತದ್ದನ್ನು ಗಂಡ ನೋಡಿ ಎಷ್ಟೋ ವರ್ಷವಾಗಿತ್ತು, ಅವನಿಗೆ ಏನು ಮಾಡಬೇಕೆಂದು ತೋಚದೆ ಸ್ಕೂಟರಿನ ಬೀಗದ ಕೈ ಉಜ್ಜುತ್ತ ನಿಂತ.

ಯಶೋಧರಾ ಬಗ್ಗಿ ಈಚೆಯ ಉರುಳೆಯ ಮೇಲೆ ಬೆರಳಿಟ್ಟಳು. ಸುತ್ತಿನ ಜೊತೆ ಬೆರಳನ್ನು ಒಳಗಿನಿಂದ ಹೊರಕ್ಕೆ ತಂದಳು, ಮತ್ತೆ ಹೊರಗಿನಿಂದ ಒಳಕ್ಕೆ ಒಯ್ದಳು. ಅರ್ಧದಷ್ಟು ಹೋಗುತ್ತಿತ್ತು, ಅರ್ಧದಷ್ಟು ಉಳಿಯುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಹಾಗಾದರೆ ಆಚೆಯದು ಮೊದಲಿನಿಂದಲೂ ಸರಿಯಾಗಿಯೇ ಹಿಡಿದಿತ್ತು, ಕಳೆದುಕೊಳ್ಳುತ್ತಿದ್ದದ್ದು ಈಚೆಯದು ಒಂದೇ. ಎದ್ದಾಗ ಅವಳ ಮುಖವೇ ಬೇರೆಯಾಗಿತ್ತು.

“ಅಮ್ಮ, ಎರಡನ್ನೂ ಒಳಗಿಂದಾನೇ ಶುರು ಮಾಡಿದ್ರಾ?”

ಹೌದು ಎಂದಳು ಅಕ್ಕಯ್ಯಮ್ಮ.

“ಹಾಗಾದ್ರೆ ಇದರ ತಲೆ ಹೊರಗಡೆ ಐತೆ. ನಾನು ಒಳಗಡೆ ಹುಡುಕ್ತಿದ್ದೆ. ಏನೂ ಬಿಚ್ಚೋದು ಬೇಡ, ಒಂದು ಜೋಡಣೆ ಬದಲಾಯಿಸಿದ್ರೆ ಸಾಕು.”

ಆಚೆಯ ಉರುಳೆಯಿಂದ ಹೊರಬಂದ ತುದಿಯನ್ನು ಇಷ್ಟು ದಿನ ಉದ್ದದ ಕೊಳವೆಯಿಂದ ಈಚೆಯದರ ಒಳತುದಿಗೆ ಜೋಡಿಸಿದ್ದಳು, ಪುಸ್ತಕದಲ್ಲಿರುವಂತೆ. ಅಲ್ಲಿ ದ್ರವ ಬಾಲದ ಕಡೆಯಿಂದ ಹೊಕ್ಕು, ಎದುರು ಬರಬೇಕಾದದ್ದು ಜೊತೆಯಲ್ಲೇ ಓಡಿಹೋಗುತ್ತಿತ್ತು. ಈಗ ಹೊರಗಿನ ತುದಿಯನ್ನು ಹೊರಗಿನ ತುದಿಗೇ ಸೇರಿಸಬೇಕು, ಅಷ್ಟೆ. ಅಕ್ಕಯ್ಯಮ್ಮ ಹಣೆ ಹಣೆ ಬಡಿದುಕೊಂಡಳು. ಮೋಟಾರಿನಲ್ಲಿ ಸುತ್ತಿನ ದಿಕ್ಕು ತಪ್ಪಿದರೆ ಅವಳು ತಾನೇ ಸುತ್ತು ಬಿಚ್ಚುತ್ತಾಳೆಯೇ? ತುದಿ ಬದಲಾಯಿಸಿ ಬೆಸುಗೆ ಹಾಕುತ್ತಾಳೆ. ಹೆದರಿಕೆಯಲ್ಲಿ ತನ್ನ ಕಸುಬೇ ಮರೆತುಹೋಗಿತ್ತು, ಈ ಹುಡುಗಿ ಕಸುಬು ಕಲಿಯದೆ ಅದೇ ಜಾಗಕ್ಕೆ ಬೇರೆ ದಾರಿಯಲ್ಲಿ ಬಂದು ನಿಂತಿದ್ದಳು.

ಉದ್ದನೆಯ ಕೊಳವೆ ತೆಗೆದು ಗೇಣುದ್ದದ ತುಂಡು ಹಾಕಿದರು. ಕಂಬದ ಒಳಗಿಂದ ಹೊರಬರುವ ಕೊನೆಯ ಕೊಳವೆಯನ್ನು ಈಚೆಯದರ ಒಳತುದಿಗೆ ಬಿಗಿದರು. ವೆಂಕಟರಾಮಪ್ಪನ ಸ್ಪ್ಯಾನರಿಗೂ ಕೊನೆಗೆ ಒಂದು ಕೆಲಸ ಸಿಕ್ಕಿತು. ದ್ರವ ತುಂಬಿ, ಮುಚ್ಚಳ ಹಾಕಿ, ಮೆಷೀನು ತಿರುಗಿಸಿ ಪಂಪು ಹಾಕಿದಳು ಯಶೋಧರಾ. ಅಳತೆಯ ಗಾಜಿಗೆ ದ್ರವ ಬೀಳತೊಡಗಿತು. ಹಿಂದೆ ಅದು ಗಾಜಿನ ನಡು ದಾಟಿ ಏರುತ್ತಲೇ ಹೋಗುತ್ತಿತ್ತಂತೆ. ಅಕ್ಕಯ್ಯಮ್ಮ ಗಾಜಿನ ಎದುರು ಮೊಣಕಾಲೂರಿ ಕೂತಳು. ದ್ರವ ತಳದಲ್ಲಿ ಸ್ವಲ್ಪ ಏರಿತು, ಇನ್ನೂ ಸ್ವಲ್ಪ ಏರಿತು. ಆಮೇಲೆ ಬೀಳುತ್ತಿದ್ದ ಹನಿಯ ಬಣ್ಣ ಬದಲಾಯಿತು. ಅದು ಹಾದುಹೋಗಬೇಕಾದ ದ್ರವ. ನಿಲ್ಲಬೇಕಾದದ್ದು ಅಷ್ಟಕ್ಕೇ ನಿಂತಿತ್ತು.

ಯಶೋಧರಾ ಆ ಕೆಸರು ಬಣ್ಣವನ್ನೇ ಒಂದು ಸಿರಿಂಜಿನಲ್ಲಿ ತಂದು ಒಳಗೆ ಬಿಟ್ಟಳು. ಎಲ್ಲರೂ ಕಾದರು, ಸುನೀಲ್‌ಕುಮಾರ್ ಕ್ಲಾಸು ಬಿಟ್ಟು ಕಾದರು. ಮೊದಲು ನೀಲಿ ಬಂತು, ಸ್ವಚ್ಛ ನೀಲಿ. ನಡುವೆ ಬರೀ ದ್ರವ. ಆಮೇಲೆ ಹಳದಿ. ಬಹಳ ಹೊತ್ತಿನ ಮೇಲೆ, ಇನ್ನು ಬರುವುದಿಲ್ಲವೇನೋ ಎನ್ನುವಾಗ, ಕೆಂಪು. ಹಾಕಿದ್ದೆಲ್ಲ ಬಂದಿತ್ತು, ಬಂದದ್ದೆಲ್ಲ ಬೇರೆ ಬೇರೆಯಾಗಿ ಬಂದಿತ್ತು. ಈ ಹುಡುಗಿ ಇದನ್ನು ಯಾವತ್ತೂ ಕಣ್ಣಿಂದ ನೋಡದೆಯೇ ಹೀಗೇ ಆಗುತ್ತದೆ ಎಂದು ನಂಬಿಕೊಂಡು, ಕೆಟ್ಟ ಉರುಳೆಗಳ ಸಾಲಿನ ಎದುರು ಇಷ್ಟು ವರ್ಷ ಕೂತಿದ್ದಳಲ್ಲ ಎಂದು ಅಕ್ಕಯ್ಯಮ್ಮ ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು.

ಸೋಮವಾರ ಅಂಗಡಿಗೆ ಬೀಗ ಹಾಕಿ ಗಂಡ ಹೆಂಡತಿ ಮತ್ತೆ ಹೋದರು. ಬೆಂಗಳೂರಿನಿಂದ ಬಂದವರು ವಯಸ್ಸಾದ ಹೆಂಗಸು, ಕಡಿಮೆ ಮಾತಿನವರು. ಹಿಪ್ಪುನೇರಳೆ ರಸ ಬಿಡಿಸಿಕೊಂಡು ಬಂದ ಗಾಜಿನ ನಳಿಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮುಚ್ಚಳ ತೆಗೆಸಿ ಉರುಳೆಗಳನ್ನು ನೋಡಿದರು, ಮತ್ತೆ ನೋಡಿದರು. ಎರಡನ್ನೂ ಒಂದೇ ಕಡೆ ಸುತ್ತುವುದು ವಾಡಿಕೆ, ನೀವು ಇವನ್ನು ಎದುರು ಬದುರು ಸುತ್ತಿಸಿದ್ದು ಯಾಕೆ ಎಂದು ಕೇಳಿದರು.

ಅಕ್ಕಯ್ಯಮ್ಮ ಬಾಗಿಲ ಬಳಿ ನಿಂತಿದ್ದಳು. ಬೇಕೆಂದೇ ಮಾಡಿದೆ ಎಂದು ಹುಡುಗಿ ಹೇಳಿಬಿಡಲಿ ಎಂದು ಅವಳು ಮನಸ್ಸಿನಲ್ಲೇ ಕೈವಾರದ ತಾತಯ್ಯನಿಗೆ ಕೈಮುಗಿದಳು. ಯಶೋಧರಾ ಹಾಗೆ ಹೇಳಲಿಲ್ಲ.

“ಬೇಕು ಅಂತ ಸುತ್ತಿಸಲಿಲ್ಲ ಮೇಡಂ. ನನ್ನ ಡ್ರಾಯಿಂಗಲ್ಲಿ ದಿಕ್ಕೇ ಹಾಕಿರಲಿಲ್ಲ, ಅದು ನನ್ನ ತಪ್ಪು. ಸುತ್ತಿದೋರು ಇವರು, ಅಕ್ಕಯ್ಯಮ್ಮ. ಮೋಟಾರು ಸುತ್ತೋರು. ಎದುರು ಸುತ್ತಾಗಿದೆ ಅಂತ ಮೊದಲು ನೋಡಿ, ಯಾರೂ ಕೇಳದೆ ಇದ್ರೂ ತಾವೇ ಹೇಳಿದೋರು ಇವರೇ.”

ಬಂದವರು ಅಕ್ಕಯ್ಯಮ್ಮನನ್ನು ಒಳಗೆ ಕರೆದರು. ಗೇಣುದ್ದದ ಜೋಡಣೆಯನ್ನು ಬೆರಳಲ್ಲಿ ತೋರಿಸಿ, ಮಾಮೂಲಿಯಾಗಿ ಇಲ್ಲಿ ಉದ್ದನೆಯ ಕೊಳವೆ ಬೇಕಾಗುತ್ತದೆ, ಬಿಡಿಸಿದ್ದು ಅದರೊಳಗೆ ಮತ್ತೆ ಸ್ವಲ್ಪ ಬೆರೆತುಹೋಗುತ್ತದೆ ಎಂದರು. ಇದು ಗಿಡ್ಡ, ಇದೇ ಒಳ್ಳೆಯದು. ಬಿಚ್ಚಬೇಡಿ, ಮುಂದಿನದನ್ನೂ ಹೀಗೇ ಸುತ್ತಿಸಿ ಎಂದು ಯಶೋಧರಾಳಿಗೆ ಹೇಳಿದರು. ಮುಂದಿನದು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಶೋಧರಾ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಕೋಣೆ ಉಳಿಯಿತು, ಮೆಷೀನೂ ಉಳಿಯಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಕೈವಾರದ ಕಡೆಯ ಒಬ್ಬ ಹೊಸ ಗಿರಾಕಿ ಸುಟ್ಟ ಮೋಟಾರು ತಂದ. ಸುತ್ತು ನಿಲ್ಲುತ್ತದೆಯೇ, ಮತ್ತೆ ತರಬೇಕಾಗುತ್ತದೆಯೇ ಎಂದು ಅನುಮಾನದಲ್ಲಿ ಕೇಳಿದ. ವೆಂಕಟರಾಮಪ್ಪ ತಲೆ ಎತ್ತದೆ, ಯಾವಾಗಲೂ ಹೇಳುವ ಹಾಗೆ, ನಮ್ಮಲ್ಲಿ ಸುತ್ತಿದ್ದು ವಾಪಸ್ ಬರುವುದಿಲ್ಲ ಎಂದ.

ಅಕ್ಕಯ್ಯಮ್ಮ ತಂತಿ ಕೆಳಗಿಟ್ಟಳು. ಸ್ಟೀಲ್ ತಟ್ಟೆಯನ್ನು ಎಳೆದುಕೊಂಡು ಅದರ ಮೇಲೆ ಕಾಫಿ ಲೋಟ ಇಟ್ಟಳು. ವೆಂಕಟರಾಮಪ್ಪ ಪಂಚೆ ಎತ್ತಿಕೊಂಡು ಹಿಂದಕ್ಕೆ ಸರಿದ.

“ಒಂದು ಬಂದಿತ್ತು ಕಣಪ್ಪ,” ಎಂದಳು. “ಕೂತ್ಕೋ, ಹೇಳ್ತೀನಿ.”

ಎಷ್ಟೋ ವರ್ಷದಿಂದ ವಾಪಸ್ ಬರುವುದಿಲ್ಲ ಎನ್ನುವಾಗ ಅವಳ ದನಿಯಲ್ಲಿ ಒಂದು ಜಂಭ ಇರುತ್ತಿತ್ತು. ಈಗ ಬಂದಿತ್ತು ಎನ್ನುವಾಗ ಅದಕ್ಕಿಂತ ಹೆಚ್ಚಿತ್ತು.